ಕೈಗವಸು ಕೊಟ್ಟ ಧೈರ್ಯ

ಕಡಲಂಚಿನಲ್ಲಿ ನಾಗವೇಣಿ ಎಂಬಾಕೆ ಸ್ಕೂಬಾ ಮುಳುಗುಗಾರರಿಗಾಗಿ ಪುಟ್ಟ ವಸತಿಗೃಹ ನಡೆಸುತ್ತಿದ್ದಳು. ಅಲ್ಲಿ ಅತಿಥಿಗಳಿಗೆ ನೀರೊಳಗೆ ನೋಡುವ ಕನ್ನಡಕ, ಗಾಳಿಯ ಸಿಲಿಂಡರ್, ಕಾಲಿಗೆ ತೊಡುವ ರಬ್ಬರಿನ ರೆಕ್ಕೆ ಎಲ್ಲವೂ ಸಿಗುತ್ತಿದ್ದವು. ಕೈಗವಸು ಮಾತ್ರ ಸಿಗುತ್ತಿರಲಿಲ್ಲ. ಮೊಳೆಗೆ ತೂಗುಹಾಕಿದ್ದ ಕೈಗವಸಿಗೆ ಇದು ಅವಮಾನವೆನಿಸಿತು.

"ಮುಳ್ಳು ಬಂದರೂ ಕಲ್ಲು ಬಂದರೂ ತಡೆಯುವವನು ನಾನು. ನನಗೇ ಕಡಲಿಲ್ಲವೇ?" ಎಂದು ಅದು ಕನ್ನಡಕವನ್ನು ಕೇಳಿತು.

"ನೀನಿದ್ದರೆ ಕೈ ಸುಮ್ಮನಿರುವುದಿಲ್ಲ ಮಾರಾಯ," ಎಂದಿತು ಕನ್ನಡಕ.

ಒಂದು ದಿನ ಅತಿಥಿಯೊಬ್ಬ ಅದನ್ನು ಕದ್ದು ತೊಟ್ಟು ನೀರಿಗಿಳಿದ. ಹಿಂದಿನ ದಿನ ಮುಳುಗಿದಾಗ ಹವಳ ತರಚೀತೆಂದು ಹೆದರಿ ಎದೆಗೆ ಕಟ್ಟಿಕೊಂಡಿದ್ದ ಅವನ ಕೈ ಈಗ ನೇರವಾಗಿ ಹವಳದ ಕೊಂಬೆಯನ್ನೇ ಹಿಡಿಯಿತು.

"ಬಿಡು! ನಾನು ಕಲ್ಲಲ್ಲ, ಜೀವ. ಮುರಿದರೆ ಮತ್ತೆ ಬೆಳೆಯಲು ವರ್ಷಗಳೇ ಬೇಕು," ಎಂದು ಹವಳ ಕೂಗಿತು.

"ನಾನು ಕೈಯನ್ನು ಕಾಯುತ್ತಿದ್ದೇನೆ," ಎಂದಿತು ಕೈಗವಸು.

"ಕೈಗಿದ್ದ ಹೆದರಿಕೆ ಕೈಯನ್ನೂ ನನ್ನನ್ನೂ ಕಾಯುತ್ತಿತ್ತು. ನೀನು ಅದನ್ನು ತೆಗೆದುಬಿಟ್ಟೆ."

ಕೈಗವಸಿಗೆ ನಾಚಿಕೆಯಾಯಿತು. ಅದು ನೀರು ತುಂಬಿಕೊಂಡು ಸಡಿಲವಾಗಿ ಜಾರಿತು. ಬರಿಗೈಯನ್ನು ಹವಳ ಚುರ್ರೆಂದು ತರಚಿತು; ಕೈ ತಟ್ಟನೆ ಹಿಂದೆ ಸರಿಯಿತು. ಕೊಂಬೆ ಉಳಿಯಿತು. ಅತಿಥಿಯ ಹಿಂದೆಯೇ ಈಜಿ ಬರುತ್ತಿದ್ದ ನಾಗವೇಣಿ ಕೈಗವಸನ್ನು ಹಿಡಿದುಕೊಂಡಳು.

ಕೈಗವಸು ಈಗಲೂ ಮೊಳೆಯ ಮೇಲೇ ಇದೆ. ಹವಳಕ್ಕೆ ಹರಿದ ಬಲೆ ಸುತ್ತಿಕೊಂಡಾಗ ಮಾತ್ರ ನಾಗವೇಣಿ ಅದನ್ನು ತೊಟ್ಟು ಇಳಿಯುತ್ತಾಳೆ. ಆಗ ಹವಳವೇ ಕರೆಯುತ್ತದೆ: "ಬಾ ಮಾರಾಯ, ಬಿಡಿಸು."