ಹಸಿದವರ ಬಾಗಿಲು

ಇಂಗ್ಲೆಂಡಿನ ಹಾರ್ನ್‌ಮಿಯರ್ ಎಂಬ ಊರಿನಲ್ಲಿ ಹಳೆಯದೊಂದು ವಿಶ್ವವಿದ್ಯಾಲಯವಿದೆ. ಅದರೊಳಗಿನ ಕಾಲೇಜುಗಳೆಂದರೆ ಬೆಳಿಗ್ಗೆ ಹೋಗಿ ಸಂಜೆ ಬರುವ ಜಾಗಗಳಲ್ಲ. ಗುರುಗಳೂ ವಿದ್ಯಾರ್ಥಿಗಳೂ ಒಂದೇ ಗೋಡೆಯೊಳಗೆ ಇದ್ದು, ಉಂಡು, ಮಲಗಿ, ಓದುವ ದೊಡ್ಡ ಮನೆಗಳು. ಅಂಥವುಗಳಲ್ಲಿ ಸೇಂಟ್ ವಿಸ್ಟನ್ ಕಾಲೇಜೂ ಒಂದು. ಅದರ ಮುಂಬಾಗಿಲು ಬಹಳ ಚೆಂದ, ಫೋಟೋ ತೆಗೆಯುವವರೆಲ್ಲ ಅಲ್ಲೇ ನಿಲ್ಲುತ್ತಾರೆ. ಆದರೆ ಹಿಂದುಗಡೆ, ಊರಿನ ಓಣಿಗಳು ಬಂದು ಮುಟ್ಟುವ ಕಡೆ, ಗೋಡೆಯಲ್ಲಿ ಇನ್ನೊಂದು ದಾರಿಯಿದೆ. ಅದಕ್ಕೆ ಕದವಿಲ್ಲ, ಚೌಕಟ್ಟಿಲ್ಲ, ಮೇಲೆ ಕಮಾನಿಲ್ಲ. ಹಲ್ಲು ಕಿತ್ತ ಬಾಯಿಯ ಹಾಗೆ ಅಂಕುಡೊಂಕಾಗಿ ತೆರೆದುಕೊಂಡಿದೆ. ಅದರ ಹೆಸರು ಹಸಿದವರ ಬಾಗಿಲು. ಹೆಸರು ಕೇಳಿದವರು, ಪಾಪ, ಹಿಂದೆ ಇಲ್ಲಿ ಬಡಬಗ್ಗರಿಗೆ ಅನ್ನ ಹಾಕುತ್ತಿದ್ದರೇನೋ ಎಂದು ತಲೆದೂಗಿ ಮುಂದೆ ಹೋಗುತ್ತಾರೆ. ಊರಿನ ಮುದುಕರು ಅದನ್ನು ಕೇಳಿ ಮೀಸೆಯಲ್ಲೇ ನಗುತ್ತಾರೆ. ಹಸಿದವರು ಯಾರೆಂಬುದು ಅವರಿಗೆ ಗೊತ್ತು.

ಈ ಕಾಲೇಜನ್ನು ಕಟ್ಟಿಸಿದವನು ರಾಜನಲ್ಲ, ಪಾದ್ರಿಯಲ್ಲ. ಇದೇ ಊರಿನಲ್ಲಿ ಹುಟ್ಟಿ, ಕುರಿಯುಣ್ಣೆ ಮಾರಿ ದೊಡ್ಡವನಾದ ಥೊರಾಲ್ಡ್ ಎಂಬ ವ್ಯಾಪಾರಿ. ಪಂಡಿತರು ಬಂದು ಕೂತ ಮೇಲೆ ಊರನ್ನು ಮರೆತುಬಿಟ್ಟಾರು ಎಂಬ ಗುಮಾನಿ ಅವನಿಗೆ ಕೊನೆಯವರೆಗೂ ಇತ್ತಂತೆ. ಅದಕ್ಕೆ ಅವನೊಂದು ಕಟ್ಟಳೆ ಮಾಡಿಟ್ಟ. ವರ್ಷಕ್ಕೊಮ್ಮೆ ತನ್ನ ನೆನಪಿನ ದಿನ ಊಟದ ಮನೆಯಲ್ಲಿ ಗುರುಗಳು ಕೂರುವ ಎತ್ತರದ ಪಂಕ್ತಿಯಲ್ಲಿ ತನ್ನ ಕುರ್ಚಿಯನ್ನು ಹಾಕಬೇಕು. ಊರಲ್ಲಿ ಹುಟ್ಟಿದ, ಕಾಲೇಜಿನ ಅನ್ನ ತಿನ್ನದ ಒಬ್ಬರು ಬಂದು ಅದರಲ್ಲಿ ಕೂತು ಮೊದಲ ರೊಟ್ಟಿ ಮುರಿಯಬೇಕು. ಅಲ್ಲಿಯವರೆಗೆ, ಅದು ಎಷ್ಟು ಹೊತ್ತಾದರೂ ಸರಿ, ಎಷ್ಟು ದಿನವಾದರೂ ಸರಿ, ಕಾಲೇಜಿನೊಳಗೆ ಯಾರೂ ಒಂದು ತುತ್ತು ಬಾಯಿಗಿಡುವಂತಿಲ್ಲ. ಪಟ್ಟಕ್ಕೆ ಬಂದ ಪ್ರತಿಯೊಬ್ಬ ಮಾಸ್ಟರ್, ಅಂದರೆ ಕಾಲೇಜಿನ ಯಜಮಾನ, ಬೈಬಲ್ ಮುಟ್ಟಿ ಈ ಮಾತಿಗೆ ಆಣೆ ಮಾಡುತ್ತಿದ್ದ.

ಹಿಂದೆ ಒಮ್ಮೆ, ಕ್ರೇಕ್ ಎಂಬ ಮಾಸ್ಟರ್ ಇದ್ದ ಕಾಲದಲ್ಲಿ, ಕಾಲೇಜಿನ ಹಿತ್ತಲು ಬಯಲಾಗಿತ್ತು. ಅಲ್ಲೊಂದು ಸಿಹಿನೀರಿನ ಬುಗ್ಗೆ. ಊರಿನ ಹೆಂಗಸರೆಲ್ಲ ತಲೆತಲಾಂತರದಿಂದ ಅಲ್ಲಿಗೇ ನೀರಿಗೆ ಹೋಗುತ್ತಿದ್ದರು. ನೀರಿನ ಹತ್ತಿರ ಹೆಂಗಸರು ಸೇರಿದ ಮೇಲೆ ಮಾತಿಲ್ಲದೆ ಇದ್ದೀತೆ? ಆ ಗದ್ದಲಕ್ಕೆ ವಿದ್ಯಾರ್ಥಿಗಳ ಓದು ಕೆಡುತ್ತದೆಂದು ಕ್ರೇಕ್ ಆಳೆತ್ತರದ ಗೋಡೆ ಎಬ್ಬಿಸಿಬಿಟ್ಟ. ಊರಿಗೆ ಉಳಿದದ್ದು ಹೊಳೆಯ ನೀರು. ಮೇಲುಗಡೆ ಚರ್ಮ ಹದ ಮಾಡುವವರು ತೊಟ್ಟಿ ತೊಳೆದು ಬಿಡುತ್ತಿದ್ದ ಹೊಳೆ ಅದು.

ಊರಿನಲ್ಲಿ ಹಾವಿಸ್ ಎಂಬ ವಿಧವೆಯಿದ್ದಳು. ಬಾರ್ಲಿಯಿಂದ ಬಿಯರ್ ಮಾಡಿ ಮಾರುವುದು ಅವಳ ಕಸುಬು. ಗೋಡೆ ಎದ್ದ ಮೇಲೆ ಅವಳ ಬಿಯರಿಗೆ ತೊಗಲಿನ ವಾಸನೆ ಹತ್ತಿತು, ಗಿರಾಕಿಗಳು ಮುಖ ತಿರುಗಿಸಿದರು. ಅದನ್ನಾದರೂ ಅವಳು ಸಹಿಸುತ್ತಿದ್ದಳೇನೋ. ಆದರೆ ಆ ಬೇಸಿಗೆ ಹೊಳೆನೀರು ಕುಡಿದು ಅವಳ ಮೊಮ್ಮಗಳು ವಾಂತಿಭೇದಿಯಿಂದ ಹಾಸಿಗೆ ಹಿಡಿದಳು. ಮಗು ಬದುಕಿತು, ಆದರೆ ಸೊರಗಿ ಹಂಚಿಕಡ್ಡಿಯಾಯಿತು. ಅದರ ಕಾಲು ನೇವರಿಸುತ್ತ ಕೂತಾಗಲೇ ಹಾವಿಸಳಿಗೆ ಥೊರಾಲ್ಡನ ಕುರ್ಚಿ ನೆನಪಾಯಿತು ಎನ್ನುತ್ತಾರೆ. ಅವಳು ಎದ್ದು ಸೆರಗಿನಂಥ ತನ್ನ ಶಾಲು ಬಿಗಿದುಕೊಂಡು ಮನೆಮನೆಗೆ ಹೋದಳು. ಗಂಡಸರ ಹತ್ತಿರ ಮಾತಾಡಲಿಲ್ಲ, ಅಡುಗೆಮನೆಗಳಿಗೇ ಹೋದಳು.

ನೆನಪಿನ ದಿನ ಬಂತು. ಬಿಷಪ್ಪರೇ ಅತಿಥಿ. ಬಾತುಕೋಳಿ ಸುಟ್ಟ ವಾಸನೆ ಓಣಿಯ ತುದಿಯವರೆಗೆ ಹಬ್ಬಿತ್ತು. ಎಲ್ಲರೂ ಕಪ್ಪು ನಿಲುವಂಗಿ ತೊಟ್ಟು ಪಂಕ್ತಿಯಲ್ಲಿ ನಿಂತರು. ಕುರ್ಚಿ ಖಾಲಿ. ಪ್ರತಿವರ್ಷ ಬರುತ್ತಿದ್ದ ಊರಿನ ಮೇಯರ್ ಈ ಸಲವೂ ಹೊರಟಿದ್ದನಂತೆ. ಅವನ ಹೆಂಡತಿ ಅವನ ಬೂಟುಗಳನ್ನೆಲ್ಲ ಪೆಟ್ಟಿಗೆಗೆ ಹಾಕಿ ಮೇಲೆ ತಾನೇ ಕೂತುಬಿಟ್ಟಿದ್ದಳು. ಮಿಕ್ಕ ಮನೆಗಳಲ್ಲಿ ಒಬ್ಬರಿಗೆ ಸೊಂಟನೋವು, ಇನ್ನೊಬ್ಬರಿಗೆ ವ್ರತ, ಮತ್ತೊಬ್ಬರಿಗೆ ಕಿವಿಯೇ ಕೇಳಿಸದು. ಮಧ್ಯಾಹ್ನ ಕಳೆಯಿತು. ಹೊಟ್ಟೆಗಳು ಗುಡುಗತೊಡಗಿದವು. ಕೊನೆಗೆ ಕಾಲೇಜಿನ ದ್ವಾರಪಾಲಕ ವಾಟ್ ಹಾವಿಸಳ ಮನೆಗೆ ಓಡಿಬಂದ. ಅವನು ಅವಳ ಅಕ್ಕನ ಗಂಡ.

"ನಾದಿನೀ, ಏನಿದು ನಿನ್ನ ಆಟ? ಅಲ್ಲಿ ಬಿಷಪ್ಪರು ಮೇಜಿನ ಮೇಲಿರೋ ಹೂವನ್ನ ತಿನ್ನೋ ಹಾಗೆ ನೋಡ್ತಿದಾರೆ!"

"ತಿನ್ನಲಿ ಬಿಡು ಭಾವ. ಹೂವಿಗೆ ರೊಟ್ಟಿ ಮುರಿಯೋ ಕಟ್ಟಳೆ ಇಲ್ಲವಲ್ಲ."

"ನನ್ನ ಕೆಲಸಕ್ಕೆ ಸಂಚಕಾರ ಬರುತ್ತೆ ಕಣೇ."

"ಬಂದರೆ ಬಂದು ನನ್ನ ಪೀಪಾಯಿ ತೊಳಿ. ಹೋಗಿ ನಿನ್ನ ಯಜಮಾನನ್ನೇ ಕಳಿಸು."

ಯಜಮಾನ ಬಂದ. ಸೇಂಟ್ ವಿಸ್ಟನ್ ಕಾಲೇಜಿನ ಮಾಸ್ಟರ್ ಬಿಯರ್ ಮಾಡುವವಳ ಹೊಸಿಲಿನಲ್ಲಿ ನಿಂತದ್ದನ್ನು ನೋಡಲು ಇಡೀ ಓಣಿ ಕಿಟಕಿಗೆ ಬಂತು. ಹಸಿದ ಮನುಷ್ಯನ ಮಾತು ಮೃದುವಾಗಿತ್ತು. "ತಾಯೀ, ಬಂದು ಒಂದು ರೊಟ್ಟಿ ಮುರಿದುಕೊಡಬೇಕು."

"ಅದಕ್ಕೇನಂತೆ ಮಾಸ್ಟರೇ, ಬರ್ತೀನಿ. ನಮ್ಮಜ್ಜಿ ನೀರಿಗೆ ಹೋಗ್ತಿದ್ದ ದಾರೀಲೇ ಬರ್ತೀನಿ."

"ಆ ದಾರಿಯಲ್ಲಿ ಗೋಡೆ ಇದೆಯಲ್ಲ."

"ಹೌದಂತೆ. ನಾನೂ ನೋಡಿದೆ."

ಕ್ರೇಕ್ ದಡ್ಡನಲ್ಲ. ಒಳಗೆ ಹಾಸಿಗೆಯ ಮೇಲಿದ್ದ ಮಗುವನ್ನು ಅವನು ಕಂಡಿದ್ದ. ದನಿ ತಗ್ಗಿಸಿ, ಇವತ್ತಿನಿಂದಲೇ ಆಕೆಯ ಮನೆಗೆ ಬುಗ್ಗೆಯ ನೀರನ್ನು ಗಾಡಿಯಲ್ಲಿ ತಾನೇ ಕಳಿಸುತ್ತೇನೆ, ಮಗುವಿಗೂ ಆಯಿತು, ಬಿಯರಿಗೂ ಆಯಿತು, ಊರಿಗೆಲ್ಲ ಅದನ್ನು ಹೇಳಬೇಕಾಗಿಲ್ಲ ಎಂದ. ಇದನ್ನು ಹೇಳುವವರೆಲ್ಲ ಇಲ್ಲಿಗೆ ಬಂದಾಗ ಸ್ವಲ್ಪ ನಿಲ್ಲಿಸುತ್ತಾರೆ. ಹಾವಿಸ್ ಮಗುವಿನ ಕಡೆ ನೋಡಿದಳು. ಒಣಗಿದ ತುಟಿ, ಬೆನ್ನಿಗಂಟಿದ ಹೊಟ್ಟೆ. ಬೇಡವೆಂದರೆ ನಾಳೆಯೂ ಅದಕ್ಕೆ ಹೊಳೆಯ ನೀರೇ ಗತಿಯಾಗಬಹುದು. ಕಿಟಕಿಗಳ ಕಡೆಯೂ ನೋಡಿದಳು. ಅಲ್ಲಿದ್ದವರಲ್ಲಿ ಯಾರ ಮನೆಯಲ್ಲಿ ಮಗುವಿರಲಿಲ್ಲ?

"ಗಾಡಿ ನಿಮ್ಮದು ಮಾಸ್ಟರೇ," ಎಂದಳು ಕೊನೆಗೆ. "ನಿಮಗೆ ಸಿಟ್ಟು ಬಂದ ದಿನ ಅದು ನಿಂತು ಹೋಗತ್ತೆ. ನನ್ನ ಕಾಲು ನಂದು. ನಡೆಯೋಕೆ ಜಾಗ ಬಿಡಿ, ಸಾಕು." ಹೇಳಿ, ಕೊಡ ಸೊಂಟಕ್ಕಿಟ್ಟುಕೊಂಡು ನೇರವಾಗಿ ಗೋಡೆಯ ಹತ್ತಿರ ಹೋಗಿ ನಿಂತಳು. ಬಾಗಿಲುಗಳು ಒಂದೊಂದಾಗಿ ತೆರೆದು ಊರೇ ಅವಳ ಹಿಂದೆ ಬಂದು ನಿಂತಿತು.

ಮುಂದಿನದನ್ನು ಹಾರ್ನ್‌ಮಿಯರಿನವರು ಕಣ್ಣಾರೆ ಕಂಡವರ ಹಾಗೆ ಹೇಳುತ್ತಾರೆ. ಗೋಡೆಯಾಚೆ ಮೊದಲು ವಾಗ್ವಾದ ನಡೆಯಿತು, ಅದೂ ಲ್ಯಾಟಿನ್ನಿನಲ್ಲಿ. ಆಣೆ ಮುರಿಯಬಹುದೇ ಎಂದು ಯಾರೋ ಕೇಳಿದರು. ಬಿಷಪ್ಪರು ಅಲ್ಲೇ ಇದ್ದದ್ದರಿಂದ ಅದು ಆಗದ ಮಾತಾಯಿತು. ಆಮೇಲೆ ಅದೇ ಬಿಷಪ್ಪರ ದನಿ ಕೇಳಿತು: "ಕ್ರೇಕ್, ಗೋಡೆಯೋ ನಾನೋ, ಯಾವುದಾದರೂ ಒಂದು ಈಗ ಬೀಳುತ್ತದೆ." ಅಷ್ಟೇ ಬೇಕಿತ್ತು. ವಿದ್ಯಾರ್ಥಿಗಳು ಅಡುಗೆಮನೆಗೆ ನುಗ್ಗಿ ಮಾಂಸ ಸುಡುವ ಕಬ್ಬಿಣದ ಸಲಾಕೆಗಳನ್ನು ಹಿಡಿದು ಬಂದರು. ಜನ್ಮದಲ್ಲಿ ಪುಸ್ತಕಕ್ಕಿಂತ ಭಾರದ್ದನ್ನು ಎತ್ತದವರು ನಿಲುವಂಗಿ ಮೇಲೆ ಕಟ್ಟಿ ಕಲ್ಲು ಮೀಟಿದರು. ಧೂಳು ಎದ್ದಿತು. ಆ ಗೋಡೆ ಕಟ್ಟಿದ ಗಾರೆಯವನು ಈಚೆ ಬದಿಯಲ್ಲಿ ಕೈಕಟ್ಟಿ ನಿಂತು, "ನಾನು ಕಟ್ಟಿದ್ದು ಸ್ವಾಮೀ, ಹಾಗೆಲ್ಲ ಬೀಳಲ್ಲ. ಇನ್ನೊಂಚೂರು ಬಲ ಹಾಕಿ!" ಎಂದು ಹುರಿದುಂಬಿಸುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಯ ಹೊತ್ತಿಗೆ ಕ್ರೇಕನೂ ಸಲಾಕೆ ಹಿಡಿದಿದ್ದ. ಸಂಜೆಯ ಬಿಸಿಲು ಮೊದಲ ಸಂದಿನಿಂದ ಈಚೆಗೆ ಬಿದ್ದಾಗ ಊರಿನ ಕಡೆಯಿಂದ ಎದ್ದ ಕೂಗಿಗೆ ಚರ್ಚಿನ ಪಾರಿವಾಳಗಳೆಲ್ಲ ಹಾರಿಹೋದವಂತೆ.

ಹಾವಿಸ್ ಕಲ್ಲು ದಾಟಿ ಒಳಗೆ ಬಂದಳು. ಊಟದ ಮನೆಗೆ ಹೋದಳೆ? ಇಲ್ಲ. ಬುಗ್ಗೆಯ ಹತ್ತಿರ ಹೋಗಿ, ಕೊಡ ತುಂಬಿ, ಅದನ್ನು ಹಿಂದೆಯೇ ಬಂದಿದ್ದ ಮಗಳ ಕೈಗೆ ಕೊಟ್ಟು "ಮೊದಲು ಮಗುವಿಗೆ ಕುಡಿಸು" ಎಂದು ಕಳಿಸಿದಳು. ಆಮೇಲೆ ಒದ್ದೆ ಕಾಲಿನಲ್ಲೇ ಬಿಷಪ್ಪರ ಪಕ್ಕದ ಕುರ್ಚಿಗೆ ಹತ್ತಿ ಕೂತು ರೊಟ್ಟಿ ಮುರಿದಳು. ಆರಿ ತಣ್ಣಗಾದ ಬಾತುಕೋಳಿ ಅಷ್ಟು ರುಚಿಯಾಗಿದ್ದದ್ದು ಆ ಕಾಲೇಜಿನ ಚರಿತ್ರೆಯಲ್ಲಿ ಅದೊಂದೇ ಸಲ ಎನ್ನುತ್ತಾರೆ.

ಆ ದಾರಿಗೆ ಆಮೇಲೆ ಒಂದು ಕದ ಕೂಡಿಸುವ ಧೈರ್ಯ ಯಾವ ಮಾಸ್ಟರಿಗೂ ಬರಲಿಲ್ಲ. ಥೊರಾಲ್ಡನ ದಿನ ಈಗಲೂ ನಡೆಯುತ್ತದೆ, ಹೋದವರು ನಿಂತು ನೋಡಬಹುದು. ಊರಿನವರು ತಮ್ಮೊಳಗೆ ಒಬ್ಬರನ್ನು ಆರಿಸಿ ಕಳಿಸುತ್ತಾರೆ. ಕಳೆದ ಸಲ ಹೋದವಳು ಸಿಟಿ ಬಸ್ಸು ಓಡಿಸುವ ಡೋರೀನ್. ಒಳಗೆ ಪ್ರೊಫೆಸರುಗಳು, ಮಂತ್ರಿಗಳು, ಬಿಷಪ್ಪರು ಎಲ್ಲ ತಟ್ಟೆಯ ಮುಂದೆ ನಿಂತೇ ಇದ್ದರು. ಅವಳು ಗೋಡೆಯ ಸಂದಿನಿಂದ ಬಂದು, ಬುಗ್ಗೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಬೊಗಸೆಯಲ್ಲಿ ನೀರು ಮೊಗೆದು ಮೊಗೆದು ಕುಡಿದಳು. ಯಾರೋ ಬಂದು ಮೆಲ್ಲಗೆ ಗಡಿಯಾರ ತೋರಿಸಿದರು. ಅವಳು ತುಟಿ ಒರೆಸಿಕೊಂಡು, "ಇರಿ, ಇನ್ನೂ ಬಾಯಾರಿಕೆ ಇದೆ," ಎಂದು ಮತ್ತೆ ಬಗ್ಗಿದಳು.