ಗುಂಡಕ್ಕನ ಬಿಸಿಲು

ವಾರಿಜಮ್ಮನ ಮನೆಯಲ್ಲಿ ಒಂದು ಪದ್ಧತಿಯಿತ್ತು. ಹೊಸ ಪ್ರಾಣಿಯನ್ನು ತರುವಾಗ ಅದನ್ನು ಆರಿಸುವ ಹಕ್ಕು ಮನೆಯ ಹಳೆಯ ಪ್ರಾಣಿಗೇ ಸೇರಿದ್ದು. ಹಾಗಾಗಿ ಒಂದು ಭಾನುವಾರ ವಾರಿಜಮ್ಮ, ಗಂಡ, ಮಗಳು ಮೂವರೂ ಗುಂಡಕ್ಕನೆಂಬ ಆಮೆಯನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಸಾಕುಪ್ರಾಣಿಗಳ ಅಂಗಡಿಗೆ ಹೋದರು. ನೆಲಕ್ಕಿಳಿಸಿ, "ಗುಂಡಕ್ಕಾ, ನೀನು ಯಾರ ಮುಂದೆ ನಿಲ್ಲುತ್ತೀಯೋ ಅವರೇ ನಮ್ಮವರು," ಎಂದರು.

ಯಾರ ಮುಂದೆಯೂ ನಿಲ್ಲಬಾರದೆಂದು ಗುಂಡಕ್ಕ ಮೊದಲೇ ತೀರ್ಮಾನಿಸಿದ್ದಳು. ಮನೆಯೊಳಗೆ ಬೆಳಗಿನ ಬಿಸಿಲು ಬೀಳುವುದು ಒಂದೇ ಕಿಟಕಿಯಿಂದ, ಅದೂ ಒಂದು ಮಣೆಯಷ್ಟು ಅಗಲ. ಅದನ್ನು ಹಂಚಿಕೊಳ್ಳುವುದೆಂದರೆ ಅವಳಿಗೆ ಪ್ರಾಣಸಂಕಟ. ಆದರೂ ಶಾಸ್ತ್ರಕ್ಕೆಂದು, ನಡೆಯುತ್ತಲೇ ಎಲ್ಲರನ್ನೂ ಕೇಳಿದಳು: "ನಮ್ಮಲ್ಲಿರುವುದು ಒಬ್ಬರು ಕೂರುವಷ್ಟು ಬಿಸಿಲು. ನೀನು ಬಂದರೆ ಏನು ಮಾಡುತ್ತೀ?"

"ದೊಡ್ಡ ಮೈ ನನ್ನದು, ನಾನೇ ಕೂರುತ್ತೇನೆ," ಎಂದಿತು ಇಗ್ವಾನಾ ಎಂಬ ಭಾರಿ ಹಲ್ಲಿ.

"ತಾವು ಹೇಗೆ ಹೇಳಿದರೆ ಹಾಗೆ, ಅಕ್ಕನವರೇ," ಎನ್ನುತ್ತ ಗೋಸುಂಬೆ ಆಮೆಯ ಬಣ್ಣಕ್ಕೇ ತಿರುಗಿತು.

ಮೂಲೆಯಲ್ಲಿದ್ದ ಪುಟ್ಟ ಹಾವುರಾಣಿ ಮಾತ್ರ ಅವಳ ಬೆನ್ನನ್ನೇ ನೋಡುತ್ತಿತ್ತು. "ಬಿಸಿಲಲ್ಲಿ ನೀವೇ ಕೂತುಕೊಳ್ಳಿ, ಅಕ್ಕ. ನಾನು ನಿಮ್ಮ ಮೇಲೆ ಕೂರುತ್ತೇನೆ!"

ಗುಂಡಕ್ಕನಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸುವ ಹೊತ್ತಿಗೆ ತಾನು ನಿಂತೇಬಿಟ್ಟಿರುವುದು ಗೊತ್ತಾಯಿತು. ಅಷ್ಟರಲ್ಲಿ ಮಗಳು ಚಪ್ಪಾಳೆ ತಟ್ಟಿಯೂ ಆಗಿತ್ತು.

ಮರುದಿನ ಬೆಳಿಗ್ಗೆ ಬಿಸಿಲು ಎಂದಿನಂತೆ ಮಣೆಯಷ್ಟೇ ಬಿತ್ತು. ಅದರತ್ತ ಹೊರಟ ಗುಂಡಕ್ಕ ಅರ್ಧ ದಾರಿಯಲ್ಲಿ ನಿಂತು, ಕತ್ತು ಹೊರಳಿಸಿ ಕೂಗಿದಳು:

"ಏಯ್, ಬೇಗ ಬಂದು ಹತ್ತೇ! ನಮ್ಮ ಬಿಸಿಲು ಹೋಗಿಬಿಡುತ್ತೆ!"