ಸಂಜೆಯ ಕವಣೆ

“ಗುರುಗಳೇ, ಒಳ್ಳೆಯ ಕೈಯನ್ನು ಕೊನೆಗೆಂದು ಉಳಿಸಿಕೊಳ್ಳುವುದು ತಪ್ಪೇ?” ಎಂದು ಅಡವೀಶ ಕೇಳಿದ.

ಅವನು ಮಠದ ಶಾಲೆಯಲ್ಲಿ ಆಟದ ಮಾಸ್ತರ. ಹಿಂದಿನ ದಿನ ಅವನ ಹುಡುಗಿಯರು ಬೇಸ್‌ಬಾಲ್ ಪಂದ್ಯ ಸೋತಿದ್ದರು. ಚೆಂಡೆಸೆಯುವುದರಲ್ಲಿ ನೀಲಾಂಬಿಕೆಗೆ ಸಾಟಿಯಿರಲಿಲ್ಲ. ಅವಳನ್ನು ಅವನು ಕೊನೆಯ ಇನಿಂಗ್ಸಿಗೆ ಮೀಸಲಿಟ್ಟಿದ್ದ. ಪಂದ್ಯ ನಡುವಿನಲ್ಲೇ ಕೈತಪ್ಪತೊಡಗಿತು. ಅವಳು ಗ್ಲೌಸ್ ಹಾಕಿಕೊಂಡು ಎದ್ದು ಬಂದಳು. ಅವನು ಸ್ಕೋರ್ ಬೋರ್ಡಿನತ್ತ ನೋಡಿದ; ಒಂಬತ್ತರಲ್ಲಿ ಇನ್ನೂ ಐದನೆಯ ಇನಿಂಗ್ಸ್. “ಈಗಲ್ಲ, ಕೂಡು” ಎಂದು ಅವಳನ್ನು ಮತ್ತೆ ಕೂರಿಸಿದ. ಕೊನೆಗೆ ಅವಳು ಇಳಿದಾಗ ಎದುರಾಳಿಗಳಲ್ಲಿ ಒಬ್ಬರಿಗೂ ಅವಳ ಚೆಂಡನ್ನು ಮುಟ್ಟಲಾಗಲಿಲ್ಲ. ಆದರೆ ಉಳಿಸಲು ಏನೂ ಉಳಿದಿರಲಿಲ್ಲ. ಶಾಲೆಯ ಪರವಾಗಿ ಅದು ಅವಳ ಕಡೆಯ ಪಂದ್ಯ. ಇದೆಲ್ಲವನ್ನೂ ಅಡವೀಶ ಗುರುಗಳ ಮುಂದೆ ಹೇಳಿಕೊಂಡ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿಗೆ ಜೋಳದ ಹೊಲವಿತ್ತು. ಕಾಳು ಕಟ್ಟುವ ಹೊತ್ತಿಗೆ, ಹಕ್ಕಿ ಓಡಿಸಲೆಂದು ಮೂವರು ಮಕ್ಕಳ ಕೈಗೂ ಕವಣೆ ಕೊಟ್ಟ. ಬೆಳಗ್ಗೆ ಹಿರಿಯ ಮಗ, ಮಧ್ಯಾಹ್ನ ಕಿರಿಯವನು, ಸಂಜೆ ಮಗಳು. ಗೂಡಿಗೆ ಮರಳುವ ಹಕ್ಕಿಗಳೇ ಹೆಚ್ಚು ಹಾಳುಮಾಡುತ್ತವೆಂದು, ಗುರಿ ತಪ್ಪದ ಮಗಳನ್ನು ಸಂಜೆಗೆ ಇಟ್ಟುಕೊಂಡಿದ್ದ. ಪಾಳಿ ಹಚ್ಚುವುದರಲ್ಲಿ ತನ್ನಂಥವನಿಲ್ಲ ಎಂದು ಬೀಗಿದ.

ಹಕ್ಕಿಗಳಿಗೆ ಮಾತ್ರ ಆ ಪಾಳಿಯ ಸುದ್ದಿಯನ್ನು ಯಾರೂ ತಿಳಿಸಿರಲಿಲ್ಲ. ಒಂದು ಮಧ್ಯಾಹ್ನ ಹಿಂಡುಹಿಂಡಾಗಿ ಇಳಿದವು. ಬೀಸಿ ಬೀಸಿ ಕಿರಿಯವನ ರಟ್ಟೆ ಸೋತಿತು. ಬೇವಿನ ನೆರಳಲ್ಲಿ ಕೂತಿದ್ದ ಮಗಳು ಕವಣೆ ಹಿಡಿದು ಎದ್ದಳು.

“ಅಪ್ಪಾ, ನಾ ಹೋಗ್ಲೇನು?”

ರೈತ ತಲೆಯೆತ್ತಿ ಹೊತ್ತು ನೋಡಿದ. ಸೂರ್ಯ ಇನ್ನೂ ನೆತ್ತಿಯ ಮೇಲಿದ್ದ.

“ಈಗ್ಲೇ ಕೈ ದಣಿಸ್ಕೊಂಡ್ರ ಸಂಜಿಗೆ ಯಾರು, ತಾಯಿ? ಕೂಡು.”

ಅವಳು ಕೂತಳು. ಸಂಜೆ ಅಟ್ಟಣಿಗೆ ಹತ್ತಿ ಕವಣೆ ಬೀಸಿದಳು. ಒಂದು ಹಕ್ಕಿಯೂ ಹತ್ತಿರ ಸುಳಿಯಲಿಲ್ಲ. ರೈತ ಹಿಗ್ಗಿನಿಂದ ಹೊಲದೊಳಗೆ ಕಾಲಿಟ್ಟು ತೆನೆ ಮುಟ್ಟಿ ನೋಡಿದ. ಕಾಳಿರಲಿಲ್ಲ. ಆ ಬರಿದಾದ ಹೊಲವನ್ನು ಮಗಳು ಕತ್ತಲಾಗುವವರೆಗೂ ಕಾದಳು.

ಕತೆ ಮುಗಿಯಿತು. ಸಂಜೆಗೂ ಹಕ್ಕಿ ಬಂದಾವೆಂದು ರೈತ ಅಂಜಿದ್ದರಲ್ಲಿ ತಪ್ಪೇನಿತ್ತು ಎಂದು ಅಡವೀಶ ಮೆಲ್ಲಗೆ ಕೇಳಿದ. ಅಂಜಿಕೆ ಸುಳ್ಳಲ್ಲ, ಸಂಜೆಗೂ ಹಕ್ಕಿ ಬರುತ್ತವೆ ಎಂದು ಗುರುಗಳು ಒಪ್ಪಿಕೊಂಡರು. ಆಮೇಲೆ ಕೇಳಿದರು:

“ನೀಲಾಂಬಿಕೆ ಎದ್ದು ಬಂದಾಗ ನೀನು ಎತ್ತ ನೋಡುತ್ತಿದ್ದೆ?”